ಬಹುಕ್ಯಾಮೆರಾ ಚಿತ್ರಣದಲ್ಲಿ ಕಾಲಮೇಳ

ಒಂದೇ ಸಮಾರಂಭವನ್ನು ಎರಡು ಅಥವಾ ಅದಕ್ಕಿಂತ ಹೆಚ್ಚು ಕ್ಯಾಮೆರಾಗಳು ಬೇರೆಬೇರೆ ನೆಲೆಗಳಿಂದ ಚಿತ್ರಿಸಿಕೊಂಡಾಗ, ಆ ಎಲ್ಲ ಚಿತ್ರಿಕೆಗಳನ್ನೂ, ಪ್ರತ್ಯೇಕವಾಗಿ ಮುದ್ರಿಸಿಕೊಂಡ ಧ್ವನಿಯಿದ್ದರೆ ಅದನ್ನೂ, ಘಟನೆಯ ಒಂದೊಂದು ಕ್ಷಣವೂ ಎಲ್ಲ ಸಾಲುಗಳಲ್ಲಿ ಒಂದೇ ಲಂಬರೇಖೆಯ ಮೇಲೆ ಬಂದು ನಿಲ್ಲುವಂತೆ ಸಂಕಲನದ ಟೈಮ್‌ಲೈನ್ ಮೇಲೆ ಹೊಂದಿಸುವ ಕ್ರಿಯೆಯನ್ನು ಕಾಲಮೇಳವೆನ್ನಬಹುದು. ಸ್ಟುಡಿಯೋಗಳ ದಿನಬಳಕೆಯಲ್ಲಿ ಇದಕ್ಕೆ ಸಿಂಕ್ ಮಾಡುವುದೆಂದೇ ಹೆಸರು. ಒಂದು ಕೋನದಿಂದ ಇನ್ನೊಂದು ಕೋನಕ್ಕೆ ದೃಶ್ಯವನ್ನು ಬದಲಿಸುವುದು, ಬಣ್ಣವನ್ನು ತಿದ್ದುವುದು, ಶೀರ್ಷಿಕೆಯನ್ನು ಕೂಡಿಸುವುದು ಮುಂತಾದ ಮಿಕ್ಕ ಕಾರ್ಯಗಳೆಲ್ಲ ಇದಾದ ತರುವಾಯ ನಡೆಯತಕ್ಕವು. ಈ ಮೇಳ ತಪ್ಪಿದಲ್ಲಿ ಡೊಳ್ಳಿನ ಮೇಲೆ ಕೋಲು ಬೀಳುವ ಮೊದಲೇ ನಾದ ಕೇಳಿಬರುತ್ತದೆ. ಹಾಡುವವನ ತುಟಿ ಮುಚ್ಚಿದ ಮೇಲೂ ಸ್ವರ ನಿಲ್ಲದು. ಮಂಗಳಾಷ್ಟಕದ ಕೊನೆಯ ‘ಸಾವಧಾನ’ಕ್ಕೆ ಸರಿಯಾಗಿ ಬೀಳಬೇಕಾದ ಅಕ್ಕಿಕಾಳು ಒಂದು ಕೋನದಲ್ಲಿ ಬಿದ್ದು ಮುಗಿದು, ಇನ್ನೊಂದು ಕೋನದಲ್ಲಿ ಎರಡನೆಯ ಸಲ ಬೀಳುತ್ತದೆ.

ಬೆಳಗಾವಿ ಜಿಲ್ಲೆಯ ಘಟಪ್ರಭಾ ಸೀಮೆಯಲ್ಲಿ, ಎಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ, ಈ ವಿದ್ಯೆಗೆ ವಿಶೇಷವಾದ ಪ್ರಯೋಜನವುಂಟು. ಮದುವೆ, ಕುಬುಸ, ಮನೆಯೊಕ್ಕಲುಗಳ ಚಿತ್ರಣವು ಎಲ್ಲೆಡೆಯಂತೆ ಇಲ್ಲಿಯೂ ಸ್ಟುಡಿಯೋದವರ ಮುಖ್ಯ ವೃತ್ತಿಯಾಗಿದ್ದರೂ, ಗೋಕಾಕದ ಗ್ರಾಮದೇವತೆಯ ಜಾತ್ರೆ ಮತ್ತು ಹೊನ್ನಾಟ, ಮೂಡಲಗಿಯ ಶಿವಬೋಧರಂಗ ಮಠದ ಉತ್ಸವ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಶಂಕರಲಿಂಗ ದೇವರ ರಥೋತ್ಸವ ಇಂಥ ವಿಶಾಲವಾದ ಬಯಲಿನ ಘಟನೆಗಳು, ಅವುಗಳೊಡನೆ ಬರುವ ಡೊಳ್ಳು, ಹಲಗೆ, ಕರಡಿಮಜಲುಗಳ ಘೋಷ, ಇರುಳೆಲ್ಲ ನಡೆಯುವ ಭಜನೆ, ಬಯಲಾಟಗಳು ಒಂದೇ ಕ್ಯಾಮೆರಾದ ಕಣ್ಣಿಗೆ ಅಳವಡತಕ್ಕವಲ್ಲ. ಎಲ್ಲಕ್ಕೂ ಮಿಗಿಲಾಗಿ ಈ ನೆಲವು ಶ್ರೀಕೃಷ್ಣ ಪಾರಿಜಾತದ ನೆಲ. ಆ ಆಟವನ್ನು ಬೆಳೆಸಿ ಪ್ರಸಾರಮಾಡಿದ ತಮ್ಮಣ್ಣನ ಊರಾದ ಕುಲಗೋಡವೂ, ಅದರ ಪ್ರಖ್ಯಾತ ಅಭಿನೇತ್ರಿ ನಿಂಗಮ್ಮನ ಊರಾದ ಕೌಜಲಗಿಯೂ ಈ ಸೀಮೆಯವೇ. ಪಾರಿಜಾತದಲ್ಲಿ ಭಾಗವತನೂ ದೂತಿಯೂ ಮಾತಿಗೆ ಮಾತು ಕೊಡುತ್ತಿರುವಾಗ, ಸತ್ಯಭಾಮೆ ಹಾಡೆತ್ತಿಕೊಳ್ಳುವಾಗ, ಹಿಂದೆ ಹಾರ್ಮೋನಿಯಂ, ತಬಲಾ, ತಾಳಗಳ ಮೇಳ ಅವಳನ್ನು ಅನುಸರಿಸುವಾಗ, ರಂಗದ ಒಟ್ಟು ನೋಟಕ್ಕೊಂದು, ಪಾತ್ರದ ಮುಖಕ್ಕೊಂದು, ಹಿಮ್ಮೇಳದ ಕೈಗಳಿಗೊಂದು ಎಂಬಂತೆ ಕನಿಷ್ಠ ಮೂರು ಕ್ಯಾಮೆರಾಗಳಾದರೂ ಬೇಕು. ಅವು ಮೂರೂ ಒಂದೇ ಕಾಲವನ್ನು ಹೇಳಬೇಕು. ಇಂಥ ಕಲೆಗಳ ದಾಖಲೆಯಲ್ಲಿ ಲಯವೇ ಪ್ರಾಣವಾಗಿರುವುದರಿಂದ, ಕಾಲಮೇಳವನ್ನು ಅಂದಕ್ಕಾಗಿ ಮಾಡುವ ಉಪಚಾರವೆಂದು ಭಾವಿಸದೆ ದಾಖಲೆಯ ಪ್ರಾಮಾಣ್ಯದ ಪ್ರಶ್ನೆಯೆಂದೇ ಎಣಿಸತಕ್ಕದ್ದು.

ದೃಶ್ಯ ಮತ್ತು ಧ್ವನಿಗಳನ್ನು ಕೂಡಿಸುವ ಸಮಸ್ಯೆ ವಾಕ್ಚಿತ್ರದಷ್ಟೇ ಹಳೆಯದು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಸಂಕೇಶ್ವರದಿಂದ ನಿಪ್ಪಾಣಿಯ ಮಾರ್ಗವಾಗಿ ತಲುಪಬಹುದಾದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಚಿತ್ರವನ್ನೂ ಧ್ವನಿಯನ್ನೂ ಬೇರೆಬೇರೆ ಯಂತ್ರಗಳು ಗ್ರಹಿಸುವಾಗ ಎರಡನ್ನೂ ಕೂಡಿಸುವುದಕ್ಕೆ ಗುರುತೊಂದು ಬೇಕಾಯಿತು; ದೃಶ್ಯದ ಸಂಖ್ಯೆಯನ್ನು ಬರೆದ ಹಲಗೆಯ ಮೇಲಿನ ಕೀಲುಪಟ್ಟಿಯನ್ನು ಟಪ್ಪೆಂದು ಬಡಿಯುವ ಕ್ಲಾಪ್ ಬೋರ್ಡ್ ಆ ಕಾಲದ ಸೃಷ್ಟಿ. ಪಟ್ಟಿ ಮುಚ್ಚಿದ ಚಿತ್ರವೂ ಅದರ ಸದ್ದೂ ಒಂದೇ ಗೆರೆಯ ಮೇಲೆ ಬಂದರೆ ಮಿಕ್ಕದ್ದೆಲ್ಲ ತಾನಾಗಿ ಕೂಡುತ್ತದೆಂಬುದು ಅದರ ತತ್ತ್ವ. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ ಎಂಬ ಅಮೆರಿಕದ ದೂರದರ್ಶನ ಮಾಲಿಕೆಯಲ್ಲಿ ಛಾಯಾಗ್ರಾಹಕ ಕಾರ್ಲ್ ಫ್ರಾಯಂಡ್ ಪ್ರೇಕ್ಷಕರ ಸಮ್ಮುಖದಲ್ಲಿಯೇ ಮೂರು ಫಿಲ್ಮ್ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ ಈ ಪದ್ಧತಿಯನ್ನು ವ್ಯವಸ್ಥಿತಗೊಳಿಸಿದನು. ಆದರೆ ಸ್ಟುಡಿಯೋದ ಹೊರಗೆ, ಯಾರ ಅಪ್ಪಣೆಗೂ ಕಾಯದೆ ನಡೆದುಹೋಗುವ ಘಟನೆಗಳಲ್ಲಿ ಕ್ಲಾಪ್ ಹೊಡೆಯುವ ಅವಕಾಶವೆಲ್ಲಿಯದು? 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ಚಿತ್ರದಲ್ಲಿ ಅನೇಕ ಕ್ಯಾಮೆರಾಗಳ ಅಪಾರ ರಾಶಿಯನ್ನು ಕೂಡಿಸಿ ಕಟ್ಟಿದ ಸಂಕಲನಕ್ಕಾಗಿ ಥೆಲ್ಮಾ ಸ್ಕೂನ್‌ಮೇಕರ್ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶಿತಳಾದಳು. ಸ್ಟೀಫನ್ ಕುಡೆಲ್ಸ್ಕಿ ನಿರ್ಮಿಸಿದ ನಾಗ್ರಾ ಧ್ವನಿಮುದ್ರಣಯಂತ್ರ, ಬಳಿಕ ಸ್ಫಟಿಕದ ಕಂಪನದಿಂದ ಕ್ಯಾಮೆರಾದ ವೇಗವನ್ನು ನಿಯಂತ್ರಿಸುವ ಕ್ರಮ, ಅನಂತರ ಪ್ರತಿಯೊಂದು ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮುಗಳ ಅಂಕಿತವನ್ನು ಕೊಡುವ ಟೈಮ್‌ಕೋಡ್, ಇವು ಆ ಕಷ್ಟವನ್ನು ಕ್ರಮಕ್ರಮವಾಗಿ ಹಗುರಮಾಡಿದವು.

ನಮ್ಮ ಸ್ಟುಡಿಯೋಗಳಲ್ಲಿ ಟೈಮ್‌ಕೋಡ್ ಉಪಕರಣಗಳು ಅಪರೂಪ. ಸಾಮಾನ್ಯವಾಗಿ ಇರತಕ್ಕದ್ದು ಎರಡೋ ಮೂರೋ ಕ್ಯಾಮೆರಾ, ಒಂದು ಗಿಂಬಲ್, ಆಗಾಗ ಡ್ರೋನ್, ಮನೆಯವರ ಮೊಬೈಲಿನ ತುಣುಕುಗಳು, ಮತ್ತು ಮೈಕ್‌ಸೆಟ್ಟಿನವರ ಮಿಕ್ಸರಿನಿಂದ ತಂತಿಯೆಳೆದು ಪಡೆದ ಧ್ವನಿ. ಇವುಗಳಲ್ಲಿ ಡ್ರೋನಿಗೆ ಸಾಮಾನ್ಯವಾಗಿ ಧ್ವನಿಯೇ ಇರುವುದಿಲ್ಲ. ಅದನ್ನು ಕಣ್ಣಿನಿಂದಲೇ ಕೂಡಿಸಬೇಕು.

ಭಾರತದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿಯುವುದರಿಂದ, ದೀಪದ ಮಿಡಿತವು ಚಿತ್ರದಲ್ಲಿ ಪಟ್ಟೆಗಳಾಗಿ ಮೂಡದಂತೆ ಸೆಕೆಂಡಿಗೆ 25 ಫ್ರೇಮುಗಳ ವೇಗವನ್ನೂ ಸೆಕೆಂಡಿನ ಐವತ್ತನೆಯ ಒಂದು ಭಾಗದ ಷಟರನ್ನೂ ಇಟ್ಟುಕೊಳ್ಳುವುದು ರೂಢಿ. ಹಾಗಿಟ್ಟಲ್ಲಿ ಒಂದು ಫ್ರೇಮಿನ ಆಯುಸ್ಸು 40 ಮಿಲಿಸೆಕೆಂಡು. ಚಿತ್ರದ ಮಟ್ಟಿಗೆ ಸಂಕಲನಕಾರನ ಕೈಗೆ ಸಿಗುವ ಕಾಲದ ಅತಿ ಸಣ್ಣ ಬಿಲ್ಲೆ ಇದೇ. ಮೂರು ಕ್ಯಾಮೆರಾಗಳಲ್ಲಿ ಎರಡು 25ರಲ್ಲಿಯೂ ಒಂದು ಅದರ ಮೂಲಸ್ಥಿತಿಯಾದ 29.97ರಲ್ಲಿಯೂ ಓಡಿದ್ದರೆ ಕೆಲಸ ಕೆಡುತ್ತದೆಂದಲ್ಲ. ಆದರೆ ಫ್ರೇಮುಗಳು ಒಂದಕ್ಕೊಂದು ಸರಿಹೊಂದದೆ ಚಲನೆಯಲ್ಲಿ ತೊಡರು ಕಾಣುತ್ತದೆ. ಅದಕ್ಕಿಂತ ಕೇಡು 29.97ರ ಚಿತ್ರಿಕೆಯನ್ನು 30 ಎಂದು ತಪ್ಪಾಗಿ ಗ್ರಹಿಸುವುದು: ಸಹಸ್ರಾಂಶದ ಈ ವ್ಯತ್ಯಾಸವು ಒಂದು ಗಂಟೆಯ ಚಿತ್ರಣದಲ್ಲಿ 3.6 ಸೆಕೆಂಡುಗಳಷ್ಟಾಗುತ್ತದೆ. ಚಿತ್ರೀಕರಣಕ್ಕೆ ಮೊದಲು ಎಲ್ಲ ಕ್ಯಾಮೆರಾಗಳನ್ನೂ ಒಂದೆಡೆ ಇಟ್ಟು ಫ್ರೇಮಿನ ವೇಗ, ಧ್ವನಿಯ ಮಾದರಿದರ, ಗಡಿಯಾರದ ವೇಳೆ ಈ ಮೂರನ್ನು ಸಮಮಾಡಿಕೊಂಡವನಿಗೆ ಕಂಪ್ಯೂಟರಿನ ಮುಂದಿನ ಶ್ರಮದಲ್ಲಿ ಬಹುಭಾಗ ಉಳಿಯುತ್ತದೆ.

ಮೇಳದ ಗುರುತುಗಳಲ್ಲಿ ಅತ್ಯಂತ ಸರಳವಾದುದು ಚಪ್ಪಾಳೆ. ಕ್ಯಾಮೆರಾಗಳೆಲ್ಲ ಓಡತೊಡಗಿದ ಮೇಲೆ ಎಲ್ಲಕ್ಕೂ ಕಾಣುವಂತೆ ಒಬ್ಬನು ಕೈಯೆತ್ತಿ ಒಮ್ಮೆ ತಟ್ಟಿದರೆ ಸಾಕು. ಅಂಗೈಗಳು ಕೂಡಿದ ಫ್ರೇಮನ್ನು ಪ್ರತಿಯೊಂದು ಚಿತ್ರಿಕೆಯಲ್ಲಿಯೂ ಹುಡುಕಿ ಗುರುತಿಟ್ಟು ಸಾಲಾಗಿ ನಿಲ್ಲಿಸಬಹುದು. ಮದುವೆಯ ಮನೆಯಲ್ಲಿ ಯಾರೂ ಬೇಡದೆಯೇ ದೊರೆಯುವ ಮತ್ತೊಂದು ಗುರುತು ಛಾಯಾಚಿತ್ರಕಾರನ ಫ್ಲ್ಯಾಶ್. ಬೆಳಕಿಗೆ ಮಂಟಪದ ಈ ತುದಿಯಿಂದ ಆ ತುದಿಗೆ ಹಾಯಲು ಲೆಕ್ಕಕ್ಕೆ ಬರುವಷ್ಟು ಕಾಲ ಬೇಡವಾದ್ದರಿಂದ ಫ್ಲ್ಯಾಶಿನ ಮಿಂಚು ಎಲ್ಲ ಕ್ಯಾಮೆರಾಗಳನ್ನೂ ಏಕಕಾಲದಲ್ಲಿ ಮುಟ್ಟುತ್ತದೆ. ಇಂದಿನ ಕ್ಯಾಮೆರಾಗಳಲ್ಲಿ ಹೆಚ್ಚಿನವು ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಕ್ರಮವಾಗಿ ಓದುವುದರಿಂದ, ಮಿಂಚಿನ ಕ್ಷಣದಲ್ಲಿ ಫ್ರೇಮಿನ ಅರ್ಧಭಾಗ ಮಾತ್ರ ಬೆಳಗಿ ಅರ್ಧಭಾಗ ಕಪ್ಪಗೆ ಉಳಿಯುವುದುಂಟು. ನೋಡುವವರಿಗೆ ಅದು ಕಲೆಯಂತೆ ಕಂಡರೂ, ಬೆಳಗಿದ ಪಟ್ಟಿ ಎಷ್ಟನೆಯ ಸಾಲಿನಿಂದ ಆರಂಭವಾಯಿತೆಂಬುದನ್ನು ಗಮನಿಸಿದರೆ ಫ್ರೇಮಿಗಿಂತಲೂ ಸೂಕ್ಷ್ಮವಾದ ಕಾಲವನ್ನು ಅದರಿಂದ ತಿಳಿಯಬಹುದು. ಡ್ರೋನಿನ ಮೂಕಚಿತ್ರಿಕೆಗೆ ರಾತ್ರಿಯಲ್ಲಿ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಈಚಿನ ತಂತ್ರಾಂಶಗಳು ಧ್ವನಿಯ ಅಲೆಗಳನ್ನು ಹೋಲಿಸಿ ತಾವಾಗಿಯೇ ಮೇಳವನ್ನು ಕಟ್ಟುತ್ತವೆ. 2009ರ ಹೊತ್ತಿಗೆ ಬಂದ ಪ್ಲೂರಲ್‌ಐಸ್ ಈ ಕೆಲಸಕ್ಕೆಂದೇ ಮೀಸಲಾಗಿತ್ತು. ಫೈನಲ್ ಕಟ್, ಪ್ರೀಮಿಯರ್, ಡಾವಿಂಚಿ ರಿಸಾಲ್ವ್‌ಗಳು ಮುಂದೆ ಆ ಸೌಕರ್ಯವನ್ನು ತಮ್ಮೊಳಗೇ ಸೇರಿಸಿಕೊಂಡವು. ಎರಡು ಕ್ಯಾಮೆರಾಗಳ ಧ್ವನಿರೇಖೆಗಳನ್ನು ಒಂದರ ಮೇಲೊಂದಿಟ್ಟು, ಒಂದನ್ನು ಸ್ವಲ್ಪಸ್ವಲ್ಪವಾಗಿ ಸರಿಸುತ್ತ, ಪ್ರತಿಯೊಂದು ಸ್ಥಾನದಲ್ಲಿಯೂ ಎರಡರ ಬೆಲೆಗಳನ್ನು ಗುಣಿಸಿ ಕೂಡಿಸುತ್ತ ಹೋದರೆ, ನಿಜವಾದ ಹೊಂದಾಣಿಕೆಯ ಸ್ಥಾನದಲ್ಲಿ ಆ ಮೊತ್ತ ಶಿಖರಪ್ರಾಯವಾಗಿ ಮೇಲೇಳುತ್ತದೆ. ಸಹಸಂಬಂಧವೆಂಬ ಈ ಗಣಿತವೇ ಯಂತ್ರದ ಕಿವಿ. ಆದರೆ ಶಿಖರವು ಒಂದೇ ಇರಬೇಕೆಂಬ ನಿಯಮವಿಲ್ಲ. ಡೊಳ್ಳಿನ ಪೆಟ್ಟು ಒಂದೇ ಆವರ್ತವಾಗಿ ಬಹಳ ಹೊತ್ತು ಸಾಗಿದಾಗ, ಅಥವಾ ಭಜನೆಯವರು ಪಲ್ಲವಿಯನ್ನು ಮತ್ತೆ ಮತ್ತೆ ಎತ್ತಿಕೊಂಡಾಗ, ಸಮಾನ ಎತ್ತರದ ಹಲವು ಶಿಖರಗಳೆದ್ದು ಯಂತ್ರವು ಒಂದು ಆವರ್ತ ಮುಂದಕ್ಕೋ ಹಿಂದಕ್ಕೋ ಚಿತ್ರಿಕೆಯನ್ನು ನಿಲ್ಲಿಸುವ ಸಂಭವವಿದೆ. ಮೆರವಣಿಗೆಯಲ್ಲಿ ಡಿಜೆಯವನು ಒಂದೇ ಹಾಡನ್ನು ಎರಡು ಸಲ ಹಚ್ಚಿದ್ದರೆ ಮೊದಲನೆಯ ಕುಣಿತಕ್ಕೆ ಎರಡನೆಯದರ ಧ್ವನಿ ಅಂಟಿಕೊಳ್ಳಬಹುದು. ಇಂಥ ತಪ್ಪು ಮೇಲ್ನೋಟಕ್ಕೆ ತಿಳಿಯುವುದಿಲ್ಲ, ಏಕೆಂದರೆ ತಾಳ ಕೂಡಿಯೇ ಇರುತ್ತದೆ. ಕುಣಿತದ ನಡುವೆ ಒಬ್ಬನು ಕೂಗಿದ ಕೇಕೆ, ಜಾರಿಬಿದ್ದ ಕೋಲು, ಹಾದುಹೋದ ಟ್ರ್ಯಾಕ್ಟರಿನ ಹಾರನ್ ಮುಂತಾದ, ಮರುಕಳಿಸದ ಒಂದು ಚಿಹ್ನೆಯನ್ನು ಹಿಡಿದು ಪರೀಕ್ಷಿಸಿದಾಗಲೇ ಅದು ಬಯಲಾಗುವುದು. ಕ್ಯಾಮೆರಾದ ಗಡಿಯಾರಗಳನ್ನು ಮೊದಲೇ ಸರಿಪಡಿಸಿದ್ದರೆ ಯಂತ್ರವು ಹುಡುಕಬೇಕಾದ ಕಾಲದ ವ್ಯಾಪ್ತಿಯೇ ಕಿರಿದಾಗಿ ಈ ಭ್ರಾಂತಿ ಬಹುಮಟ್ಟಿಗೆ ತಪ್ಪುತ್ತದೆ.

ಗೋಕಾಕದ ಜಲಪಾತವು ಯಂತ್ರದ ಕಿವಿಗೆ ಇನ್ನೂ ಕಠಿಣವಾದ ಪರೀಕ್ಷೆ. ಸುಮಾರು 52 ಮೀಟರು ಎತ್ತರದಿಂದ ಘಟಪ್ರಭೆ ಧುಮುಕುವ ಈ ಸ್ಥಳಕ್ಕೆ ಮದುವೆಯ ಮೊದಲಿನ ಚಿತ್ರಣಕ್ಕಾಗಿ ಜೋಡಿಗಳು ಬರುವುದುಂಟು. ಮಳೆಗಾಲದಲ್ಲಿ ನೀರು ತುಂಬಿ ಬಿದ್ದಾಗಿನ ಭೋರ್ಗರೆತದಲ್ಲಿ ಏರಿಳಿತದ ಗುರುತುಗಳಿಲ್ಲ. ಅದು ಎಲ್ಲ ಸ್ವರಗಳನ್ನೂ ಒಳಗೊಂಡ ಅವಿಚ್ಛಿನ್ನವಾದ ಘೋಷ. ಮೇಲಾಗಿ ನಾದವು ಒಂದು ಬಿಂದುವಿನಿಂದ ಬರದೆ ಬಂಡೆಯ ಅಂಚಿನ ಅಗಲಕ್ಕೂ ಹರಡಿದ ನೀರಿನ ತೆರೆಯಿಂದ ಹೊಮ್ಮುವುದರಿಂದ, ತೂಗುಸೇತುವೆಯ ಮೇಲಿನ ಮೈಕು ಕೇಳುವ ಮಿಶ್ರಣವೇ ಬೇರೆ, ಮಹಾಲಿಂಗೇಶ್ವರನ ಗುಡಿಯ ಬಳಿಯ ಮೈಕು ಕೇಳುವ ಮಿಶ್ರಣವೇ ಬೇರೆ. ಎರಡನ್ನೂ ಹೋಲಿಸಿದ ಯಂತ್ರಕ್ಕೆ ಶಿಖರವೇ ಸಿಗುವುದಿಲ್ಲ. ಸಿಕ್ಕರೆ ಅದನ್ನು ನಂಬಬಾರದು. ಅಲ್ಲಿ ಧ್ವನಿಯ ಆಸೆಯನ್ನು ಬಿಟ್ಟು, ಬಣ್ಣದ ಒಂದು ವಸ್ತ್ರವನ್ನು ಎತ್ತಿ ಥಟ್ಟನೆ ಇಳಿಸುವ ಕಣ್ಣಿನ ಸನ್ನೆಯನ್ನೇ ಆಶ್ರಯಿಸುವುದು ಜಾಣತನ.

ಬಯಲಿನ ಉತ್ಸವಗಳಲ್ಲಿ ಸಂಕಲನಕಾರನು ಎದುರಿಸಬೇಕಾದ ಮೂಲಭೂತವಾದ ಪ್ರಶ್ನೆ ದೂರದ್ದು. ನಮ್ಮ ಜಾತ್ರೆಗಳ ಕಾಲದ ಬೆಚ್ಚನೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 350 ಮೀಟರು ಚಲಿಸುತ್ತದೆ. ಎಂದರೆ ಒಂದು ಫ್ರೇಮಿನ ಅವಧಿಯಲ್ಲಿ 14 ಮೀಟರು. ರಂಗಮಂಟಪದ ಎದುರಿನಲ್ಲಿ 56 ಮೀಟರು ದೂರದ ಮಾಳಿಗೆಯ ಮೇಲೆ ಇಟ್ಟ ಕ್ಯಾಮೆರಾ, ಕಲಾವಿದನ ಕೈಯನ್ನು ಕೂಡಲೇ ಕಂಡರೂ ಅವನ ಪೆಟ್ಟನ್ನು ನಾಲ್ಕು ಫ್ರೇಮು ತಡವಾಗಿ ಕೇಳುತ್ತದೆ. ಈ ಕ್ಯಾಮೆರಾವನ್ನು ರಂಗದ ಬಳಿಯದರೊಡನೆ ಧ್ವನಿಯಿಂದ ಕೂಡಿಸಿದ ಯಂತ್ರವು ಧ್ವನಿಗಳನ್ನು ಸರಿಯಾಗಿ ಕೂಡಿಸಿ, ಚಿತ್ರವನ್ನು ನಾಲ್ಕು ಫ್ರೇಮು ಮುಂದಕ್ಕೆ ತಳ್ಳಿಬಿಡುತ್ತದೆ. ಹತ್ತಿರದ ಕೋನದಿಂದ ದೂರದ ಕೋನಕ್ಕೆ ಬದಲಾದೊಡನೆ ಕೋಲು ನಾದಕ್ಕಿಂತ ಮುಂಚೆ ಬೀಳುತ್ತದೆ. ನೋಡುವವರು ಕಾರಣವನ್ನರಿಯದೆ ‘ಸಿಂಕ್ ತಪ್ಪೇತಿ’ ಎನ್ನುತ್ತಾರೆ. ಪರಿಹಾರ ಕಷ್ಟವಲ್ಲ. ಮಿಕ್ಸರಿನಿಂದ ಪಡೆದ ಧ್ವನಿಯೊಂದನ್ನೇ ಪ್ರಧಾನವಾಗಿಟ್ಟು, ದೂರದ ಕ್ಯಾಮೆರಾವನ್ನು ದೂರದ ಲೆಕ್ಕದಷ್ಟು ಫ್ರೇಮುಗಳು ಹಿಂದಕ್ಕೆ ಸರಿಸಿ, ಕೋಲು ಮುಟ್ಟಿದ ಚಿತ್ರದೊಡನೆ ಒರೆಹಚ್ಚಿ ನೋಡಿ, ಅದರ ಸ್ವಂತ ಧ್ವನಿಯನ್ನು ಮುಚ್ಚಿಬಿಡಬೇಕು. ಕ್ಯಾಮೆರಾ ಇಟ್ಟ ದೂರವನ್ನು ಹೆಜ್ಜೆಗಳಿಂದ ಅಳೆದು ಕಾಗದದಲ್ಲಿ ಗುರುತುಹಾಕಿಕೊಳ್ಳುವ ಅಭ್ಯಾಸ ಇಂಥಲ್ಲಿ ಬಹುವಾಗಿ ನೆರವಾಗುತ್ತದೆ.

ಮನುಷ್ಯನ ಇಂದ್ರಿಯಗಳು ಈ ವಿಷಯದಲ್ಲಿ ಪಕ್ಷಪಾತಿಗಳು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಮೇರೆಗೆ, ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂಚಿತವಾದರೆ ನೋಟಕರಿಗೆ ತಿಳಿಯುತ್ತದೆ; ಹಿಂದೆಬಿದ್ದರೆ 125 ಮಿಲಿಸೆಕೆಂಡಿನವರೆಗೆ ತಿಳಿಯುವುದಿಲ್ಲ. ಲೋಕದಲ್ಲಿ ದೂರದ ಸದ್ದು ಯಾವಾಗಲೂ ನೋಟದ ಹಿಂದೆಯೇ ಬರುವುದಾಗಿ, ಆ ತಡಕ್ಕೆ ನಾವು ಹುಟ್ಟಿನಿಂದ ಒಗ್ಗಿದ್ದೇವೆ. ನೋಟಕ್ಕಿಂತ ಮೊದಲು ಬರುವ ಸದ್ದು ಪ್ರಕೃತಿಯಲ್ಲಿಲ್ಲ. ಆದಕಾರಣ ಸಂದೇಹವಿದ್ದಲ್ಲಿ ಧ್ವನಿಯನ್ನು ಅರ್ಧ ಫ್ರೇಮು ಹಿಂದಿಡುವುದು ಮುಂದಿಡುವುದಕ್ಕಿಂತ ಲೇಸು. ಆದರೆ ಈ ಉದಾರತೆ ಭಾಷಣಕ್ಕೂ ಆಶೀರ್ವಚನಕ್ಕೂ ಸಾಕಾದೀತೇ ಹೊರತು ತಬಲಾ, ಹಲಗೆಗಳಿಗೆ ಸಾಲದು. ಬಾರಿಸಿದವನೇ ನೋಡುವವನಾದಾಗ ಎರಡು ಫ್ರೇಮಿನ ತಪ್ಪನ್ನೂ ಅವನು ಸೈರಿಸನು, ಸೈರಿಸಬೇಕಾಗಿಯೂ ಇಲ್ಲ.

ಆರಂಭದಲ್ಲಿ ಕೂಡಿದ ಚಿತ್ರಿಕೆಗಳು ಕೊನೆಯವರೆಗೆ ಕೂಡಿಯೇ ಇರುತ್ತವೆಂದು ನಂಬುವುದು ಹೊಸಬರ ಸಾಮಾನ್ಯ ಪ್ರಮಾದ. ಪ್ರತಿಯೊಂದು ಕ್ಯಾಮೆರಾದ ಒಳಗೂ ತನ್ನದೇ ಆದ ಸ್ಫಟಿಕವಿದ್ದು, ಶಾಖ ಮತ್ತು ತಯಾರಿಕೆಯ ಭೇದದಿಂದ ಅವುಗಳ ಕಂಪನದಲ್ಲಿ ಅತ್ಯಲ್ಪವಾದ ಅಂತರವಿರುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಅಂತರವಿರುವ ಎರಡು ಯಂತ್ರಗಳು ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡು ಅಗಲುತ್ತವೆ; ಅರ್ಧ ಗಂಟೆಯ ಅಕ್ಷತೆಯಲ್ಲಿ ಇದು ಗಣ್ಯವಲ್ಲ. ಇರುಳು ಹತ್ತಕ್ಕೆ ಗಣಪತಿಯ ಸ್ತುತಿಯಿಂದ ತೊಡಗಿ ಬೆಳಗಿನವರೆಗೆ ಎಂಟು ಗಂಟೆ ನಡೆದ ಪಾರಿಜಾತದಲ್ಲಿಯಾದರೋ ಅದೇ ಅಂತರವು ಅರ್ಧ ಸೆಕೆಂಡನ್ನು ಮೀರಿ, ಹದಿನಾಲ್ಕು ಫ್ರೇಮುಗಳಾಗುತ್ತದೆ. ಮೊದಲ ಹಾಡಿನಲ್ಲಿ ಸತ್ಯಭಾಮೆಯ ತುಟಿಗೆ ಅಂಟಿಕೊಂಡಿದ್ದ ಸ್ವರ ಮುಂಜಾವಿಗೆ ಅವಳನ್ನು ಬಿಟ್ಟು ಹೋಗಿರುತ್ತದೆ. ಆದುದರಿಂದ ಮೊದಲು, ನಡು, ಕೊನೆ ಈ ಮೂರು ಕಡೆ ಮೇಳವನ್ನು ಪರೀಕ್ಷಿಸಿ, ಅಗಲಿದ್ದು ಕಂಡರೆ ಮಾತು ಹಾಡುಗಳೆರಡೂ ನಿಂತ ವಿರಾಮದಲ್ಲಿ ಚಿತ್ರಿಕೆಯನ್ನು ಕತ್ತರಿಸಿ ಮತ್ತೆ ಕೂಡಿಸಬೇಕು, ಇಲ್ಲವೆ ಕ್ಯಾಮೆರಾದ ಚಿತ್ರಿಕೆಯ ವೇಗವನ್ನು ಅತಿ ಸೂಕ್ಷ್ಮವಾಗಿ ತಿದ್ದಬೇಕು. ಪ್ರಧಾನ ಧ್ವನಿಯನ್ನು ಮಾತ್ರ ಎಂದಿಗೂ ಹಿಗ್ಗಿಸಬಾರದೆಂಬುದು ಈ ಲೇಖಕನ ಅಭಿಪ್ರಾಯ. ಹಾಡಿನ ಕಾಲಪ್ರಮಾಣವೇ ಅಲ್ಲಿನ ಮೂಲಸಾಕ್ಷ್ಯ.

ದೀರ್ಘ ಚಿತ್ರಣದಲ್ಲಿ ಕಡತಗಳು ತುಂಡಾಗುವುದು ಮತ್ತೊಂದು ತೊಡಕು. ಮೆಮೊರಿ ಕಾರ್ಡಿನ ಹಳೆಯ ಕಡತವ್ಯವಸ್ಥೆಯಲ್ಲಿ ಒಂದು ಕಡತವು 4 ಗಿಗಾಬೈಟನ್ನು ಮೀರುವಂತಿಲ್ಲವಾಗಿ ಕ್ಯಾಮೆರಾ ತಾನೇ ಚಿತ್ರಿಕೆಯನ್ನು ಖಂಡಿಸುತ್ತ ಹೋಗುತ್ತದೆ. ಅನೇಕ ಸ್ಥಿರಚಿತ್ರದ ಕ್ಯಾಮೆರಾಗಳಂತೂ ಮೂವತ್ತು ನಿಮಿಷಕ್ಕೆ ಸ್ವಲ್ಪ ಮುಂಚೆ ನಿಂತೇಬಿಡುತ್ತಿದ್ದವು. ಕಾರ್ಡಿನ ಇಡೀ ಫೋಲ್ಡರನ್ನು ನಕಲಿಸಿಕೊಳ್ಳದೆ ಬಿಡಿ ಕಡತಗಳನ್ನಷ್ಟೇ ಎಳೆದುಕೊಂಡರೆ, ತುಂಡುಗಳ ಸಂಬಂಧವನ್ನು ತಿಳಿಸುವ ಮಾಹಿತಿ ಕಳೆದು ಸಂದುಗಳಲ್ಲಿ ಒಂದೆರಡು ಫ್ರೇಮು ಲೋಪವಾಗುವುದುಂಟು. ಮೊಬೈಲಿನ ಚಿತ್ರಿಕೆಗಳ ದೋಷ ಬೇರೆ ಬಗೆಯದು: ಬೆಳಕು ಕುಗ್ಗಿದಾಗ ಅವು ಫ್ರೇಮಿನ ವೇಗವನ್ನು ತಾವೇ ಬದಲಿಸಿಕೊಳ್ಳುತ್ತವೆ. ಅವನ್ನು ಸ್ಥಿರವೇಗಕ್ಕೆ ಪರಿವರ್ತಿಸಿದ ಮೇಲೆಯೇ ಟೈಮ್‌ಲೈನಿಗೆ ತರತಕ್ಕದ್ದು.

ದೊಡ್ಡ ಜಾತ್ರೆಗಳಲ್ಲಿಯೂ ಸಿರಿವಂತರ ಮದುವೆಗಳಲ್ಲಿಯೂ ಮಿಕ್ಸಿಂಗ್ ಯೂನಿಟ್ ತರಿಸಿ, ಕ್ಯಾಮೆರಾಗಳ ಚಿತ್ರವನ್ನು ಸ್ಥಳದಲ್ಲಿಯೇ ಬದಲಿಸುತ್ತ ಎಲ್‌ಇಡಿ ಪರದೆಗೂ ಯೂಟ್ಯೂಬಿಗೂ ಕಳಿಸುವುದು ಈಗ ಸಾಮಾನ್ಯ. ಅಲ್ಲಿ ಮೇಳವನ್ನು ಯಂತ್ರವೇ ನೋಡಿಕೊಳ್ಳುತ್ತದೆಂದರೂ, ತಂತಿಯಿಲ್ಲದೆ ಚಿತ್ರವನ್ನು ಕಳಿಸುವ ಕ್ರೇನ್ ಅಥವಾ ಗಿಂಬಲ್ ಕ್ಯಾಮೆರಾ ಉಳಿದವುಗಳಿಗಿಂತ ಕೆಲವು ಫ್ರೇಮು ತಡವಾಗಿ ಬರುವುದರಿಂದ, ಯೂನಿಟ್ಟಿನಲ್ಲಿ ಧ್ವನಿಯನ್ನು ಅತ್ಯಂತ ತಡವಾದ ಕ್ಯಾಮೆರಾಕ್ಕೆ ಹೊಂದುವಂತೆ ನಿಧಾನಿಸಬೇಕಾಗುತ್ತದೆ. ಅಲ್ಲಿ ಮುದ್ರಿತವಾದ ಮಿಶ್ರಚಿತ್ರವನ್ನೇ ಕೊನೆಯ ಕೃತಿಯೆಂದು ಕೊಟ್ಟುಬಿಡುವ ವಾಡಿಕೆಯಿದ್ದರೂ, ಪ್ರತಿಯೊಂದು ಕ್ಯಾಮೆರಾವೂ ತನ್ನ ಕಾರ್ಡಿನಲ್ಲಿ ಪ್ರತ್ಯೇಕವಾಗಿ ಮುದ್ರಿಸಿಕೊಂಡಿದ್ದರೆ ಅದನ್ನು ಮತ್ತೆ ಕೂಡಿಸಿ ತಪ್ಪಿಹೋದ ಮುಖಭಾವಗಳನ್ನು ಉಳಿಸಿಕೊಳ್ಳಬಹುದು.

ವಿದ್ಯುತ್ತಿನ ಗುಂಯ್‌ಗುಟ್ಟುವ ಸದ್ದಿನಿಂದಲೇ ಕಾಲವನ್ನು ಅರಿಯುವ ಒಂದು ವಿಧಾನವಿದೆ. 50 ಆವರ್ತವೆಂಬ ಸಂಖ್ಯೆ ಹೆಸರಿಗೆ ಮಾತ್ರ ಸ್ಥಿರ. ಬಳಕೆ ಹೆಚ್ಚಿದಾಗ ತುಸು ಇಳಿಯುತ್ತ, ಕಡಿಮೆಯಾದಾಗ ತುಸು ಏರುತ್ತ ಇರುವ ಅದರ ಚಂಚಲತೆ ಒಂದೇ ಜಾಲಕ್ಕೆ ಸೇರಿದ ಎಲ್ಲ ಊರುಗಳಲ್ಲಿಯೂ ಏಕಪ್ರಕಾರವಾಗಿರುತ್ತದೆ. ರುಮೇನಿಯಾದ ಕತಾಲಿನ್ ಗ್ರಿಗೊರಾಸ್ ಮೊದಲಾದವರು ಈ ಲಕ್ಷಣವನ್ನು ಧ್ವನಿಮುದ್ರಣಗಳ ಕಾಲನಿರ್ಣಯಕ್ಕೆ ನ್ಯಾಯವಿಜ್ಞಾನದಲ್ಲಿ ಬಳಸಿದರು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದಿಂದ ದಕ್ಷಿಣದ ಜಾಲವು ಉತ್ತರದೊಡನೆ ಕೂಡಿದಂದಿನಿಂದ ದೇಶವೆಲ್ಲ ಒಂದೇ ಆವರ್ತದಲ್ಲಿ ಮಿಡಿಯುತ್ತಿರುವುದರಿಂದ, 1969ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ತಂತಿಯಿಂದ ಉರಿವ ದೀಪಕ್ಕೂ ಗೋಕಾಕದ ಪೇಟೆಯ ದೀಪಕ್ಕೂ ಚಂಚಲತೆ ಒಂದೇ. ಆದರೂ ಈ ವಿಧಾನಕ್ಕೆ ಹಲವು ನಿಮಿಷಗಳ ಮುದ್ರಣ ಬೇಕು, ಫ್ರೇಮಿನಷ್ಟು ನಿಖರತೆ ಅದರಿಂದ ಸಿಗದು, ಜನರೇಟರ್ ಹಚ್ಚಿದ ಮೆರವಣಿಗೆಯಲ್ಲಿ ಅದು ನಿಷ್ಪ್ರಯೋಜಕ. ಯಾವ ರಾತ್ರಿಯದೆಂದು ಗೊತ್ತಿಲ್ಲದ ಕಡತಗಳನ್ನು ವಿಂಗಡಿಸುವಾಗ ಮಾತ್ರ ಇದರ ಬೆಲೆ ತಿಳಿಯುತ್ತದೆ.

ಕೂಡಿಸಿದ ಚಿತ್ರಿಕೆಗಳನ್ನು ಮಲ್ಟಿಕ್ಯಾಮ್ ಎಂಬ ಒಂದೇ ಗುಚ್ಛವಾಗಿ ಕಟ್ಟಿ, ಪರದೆಯ ಮೇಲೆ ಎಲ್ಲ ಕೋನಗಳನ್ನೂ ಒಟ್ಟಿಗೆ ಓಡಿಸುತ್ತ, ಕೀಲಿಯೊತ್ತಿ ಬೇಕಾದುದನ್ನು ಆರಿಸುತ್ತ ಹೋಗುವುದು ಮುಂದಿನ ಹಂತ. ಮದುವೆಯ ಚಿತ್ರವನ್ನು ಮನೆಯವರಿಗೆ ಒಪ್ಪಿಸಿದ ತರುವಾಯ ಮೂಲ ಕಡತಗಳನ್ನು ಅಳಿಸಿಹಾಕುವುದು ಹಾರ್ಡ್ ಡಿಸ್ಕಿನ ಬೆಲೆಯನ್ನು ನೆನೆದರೆ ಕ್ಷಮ್ಯವಾದೀತು. ಪಾರಿಜಾತ, ಚೌಡಕಿ ಪದ, ಕರಡಿಮಜಲು, ಡೊಳ್ಳಿನ ಹಾಡು ಇವುಗಳ ವಿಷಯದಲ್ಲಿ ಹಾಗೆ ಮಾಡಲಾಗದು, ಮಾಡಬಾರದು. ಸಂಕಲನದಲ್ಲಿ ಬಿಟ್ಟುಹೋದ ಹಿಮ್ಮೇಳದ ಕೋನವೇ ನಾಳೆ ಆ ವಾದನವನ್ನು ಕಲಿಯಬೇಕೆನ್ನುವ ಹುಡುಗನಿಗೆ ಬೇಕಾಗುವುದು. ತಬಲಾದವನು ಯಾವ ಬೆರಳಿನಿಂದ ಯಾವ ಬೋಲನ್ನು ಎತ್ತಿದನೆಂಬುದು ಧ್ವನಿಯೊಡನೆ ನಿಖರವಾಗಿ ಕೂಡಿದ ಚಿತ್ರದಿಂದಲ್ಲದೆ ಅವನಿಗೆ ತಿಳಿಯದು. ಅಂಥ ದಾಖಲೆಯಲ್ಲಿ ಪ್ರತಿಯೊಂದು ಕೋನವನ್ನೂ ಒಂದೇ ಕ್ಷಣದಿಂದ ಆರಂಭವಾಗಿ ಒಂದೇ ಕ್ಷಣದಲ್ಲಿ ಮುಗಿಯುವ ಪೂರ್ಣ ಕಡತವಾಗಿ ಬೇರೆಬೇರೆ ತೆಗೆದು, ಮಿಕ್ಸರಿನ ಧ್ವನಿಯನ್ನು ತಿದ್ದದೆ ಜೊತೆಗಿಟ್ಟು, ಊರು, ದಿನಾಂಕ, ಕಲಾವಿದರ ಹೆಸರು, ಕ್ಯಾಮೆರಾಗಳ ದೂರ, ಯಾವುದನ್ನು ಎಷ್ಟು ಫ್ರೇಮು ಸರಿಸಲಾಯಿತೆಂಬ ಲೆಕ್ಕ ಇವನ್ನು ಒಂದು ಪುಟದಲ್ಲಿ ಬರೆದು, ಎರಡು ಡಿಸ್ಕುಗಳಲ್ಲಿ ಎರಡು ಕಡೆ ಕಾಪಾಡತಕ್ಕದ್ದು. ಒಂದು ಪ್ರತಿ ಸ್ಟುಡಿಯೋದಲ್ಲಿದ್ದರೆ ಇನ್ನೊಂದು ಆಡಿದ ಮೇಳದವರ ಕೈಯಲ್ಲಿಯೇ ಇರಬೇಕು.